ಮಜ್ಜೆ ಸೊರಗಿದ ಕಾರಣ ಮೊದಲೇ ಗೊತ್ತಾಗಲಿ

ಮಾನ್ಯರೇ,

ನನ್ನ ತಂಗಿಯ ಮಗನಿಗೆ ಆರನೇ ವಯಸ್ಸಿನಿಂದ ಎರಡು ವರ್ಷ ಕಬ್ಬಿಣಾಂಶದ ಟಾನಿಕ್ ಕುಡಿಸಿದೆವು. ಹಿಮೋಗ್ಲೋಬಿನ್ ಏರಲಿಲ್ಲ, ಪ್ಲೇಟ್‌ಲೆಟ್ ಇಳಿಯುತ್ತಾ ಹೋಗಿ, ಹಲ್ಲುಜ್ಜಿದರೆ ವಸಡಿನಿಂದ ರಕ್ತ ಒಸರತೊಡಗಿತು. ಅವನ ಬಲಗೈ ಹೆಬ್ಬೆರಳು ಹುಟ್ಟಿನಿಂದಲೇ ಗಿಡ್ಡ, ಬೆನ್ನ ಮೇಲೆ ಚಹಾ ಬಣ್ಣದ ಮಚ್ಚೆಗಳು. ಇವನ್ನು ರಕ್ತಹೀನತೆಯ ಜೊತೆಗಿಟ್ಟು ನೋಡಬೇಕೆಂದು ನಮಗೂ ಹೊಳೆಯಲಿಲ್ಲ, ನೋಡಿದ ವೈದ್ಯರಿಗೂ ಹೊಳೆಯಲಿಲ್ಲ. ಕೊನೆಗೆ ಗೊತ್ತಾದದ್ದು ಫ್ಯಾಂಕೋನಿ ಅನೀಮಿಯಾ.

ಸ್ವಿಟ್ಜರ್ಲೆಂಡಿನ ಮಕ್ಕಳ ತಜ್ಞ ಗೈಡೋ ಫ್ಯಾಂಕೋನಿ 1927ರಲ್ಲೇ ಮೂವರು ಸಹೋದರರಲ್ಲಿ ಕಂಡು ವಿವರಿಸಿದ ಕಾಯಿಲೆಯಿದು. ಡಿಎನ್‌ಎಯ ಎರಡು ಎಳೆಗಳು ಒಂದಕ್ಕೊಂದು ಅಂಟಿಕೊಂಡಾಗ ಅವನ್ನು ಬಿಡಿಸಿ ಸರಿಪಡಿಸಲು 20ಕ್ಕೂ ಹೆಚ್ಚು ಜೀನ್‌ಗಳು ದುಡಿಯುತ್ತವೆ. ಅವುಗಳಲ್ಲೊಂದು ಕೆಟ್ಟರೆ, ದೇಹದಲ್ಲೇ ಹುಟ್ಟುವ ಆಲ್ಡಿಹೈಡ್‌ನಂಥ ವಸ್ತುಗಳಿಂದಾದ ಹಾನಿ ಹಾಗೆಯೇ ಉಳಿದು, ಮೂಳೆಯೊಳಗಿನ ಮಜ್ಜೆಯಲ್ಲಿ ರಕ್ತ ತಯಾರಿಸುವ ಆಕರಕೋಶಗಳು ವರ್ಷದಿಂದ ವರ್ಷಕ್ಕೆ ನಶಿಸುತ್ತವೆ. ಮಜ್ಜೆ ಸೊರಗುವ ಎಲ್ಲ ಆನುವಂಶಿಕ ಕಾಯಿಲೆಗಳಿಗೂ ಇದೇ ಕಾರಣವಲ್ಲ. ಡಿಸ್ಕೆರಟೋಸಿಸ್ ಕಂಜೆನಿಟಾದಲ್ಲಿ ಕ್ರೋಮೊಸೋಮಿನ ತುದಿಗಳು ಅಕಾಲದಲ್ಲಿ ಸವೆಯುತ್ತವೆ. ಡೈಮಂಡ್-ಬ್ಲ್ಯಾಕ್‌ಫ್ಯಾನ್ ಅನೀಮಿಯಾದಲ್ಲಿ ಕೋಶದೊಳಗೆ ಪ್ರೋಟೀನ್ ತಯಾರಿಸುವ ರೈಬೊಸೋಮ್ ಸರಿಯಾಗಿ ರೂಪುಗೊಳ್ಳದೆ ಕೆಂಪು ರಕ್ತಕಣಗಳೇ ಬೆಳೆಯುವುದಿಲ್ಲ.

ಕಾರಣ ತಿಳಿಯದೆ ಚಿಕಿತ್ಸೆಗೆ ಇಳಿಯಬಾರದು. ಫ್ಯಾಂಕೋನಿ ಇರುವ ಮಗುವಿಗೆ ಮಜ್ಜೆ ಕಸಿಗೆ ಮುನ್ನ ಕೀಮೋಥೆರಪಿಯನ್ನು ಮಾಮೂಲಿ ಪ್ರಮಾಣದಲ್ಲಿ ಕೊಟ್ಟರೆ ಜೀವಕ್ಕೇ ಕುತ್ತು, ಏಕೆಂದರೆ ಅಲ್ಲಿ ಬಳಸುವ ಕೆಲವು ಔಷಧಿಗಳು ಡಿಎನ್‌ಎ ಎಳೆಗಳನ್ನು ಅಂಟಿಸಿಯೇ ಕೆಲಸ ಮಾಡುತ್ತವೆ. ಮಜ್ಜೆ ಕೊಡಲು ಮುಂದೆ ಬರುವ ಒಡಹುಟ್ಟಿದವರಲ್ಲೂ ಯಾವ ಲಕ್ಷಣವೂ ಕಾಣದೆ ಇದೇ ರೋಗ ಅಡಗಿರಬಹುದು. ನಮ್ಮ ಹುಡುಗನ ಅಕ್ಕನ ವರದಿ ಬರುವವರೆಗೆ ಮನೆಯಲ್ಲಿ ಯಾರಿಗೂ ಅನ್ನ ಇಳಿಯಲಿಲ್ಲ.

ಇನ್ನೊಂದು ಮಾತನ್ನು ಹೇಳಲೇಬೇಕು. ತಂಗಿಯನ್ನು ಸೋದರತ್ತೆಯ ಮಗನಿಗೇ ಕೊಟ್ಟಿದ್ದೆವು. ಗಂಡ ಹೆಂಡತಿ ಇಬ್ಬರೂ ಒಂದೇ ಜೀನಿನ ದೋಷವನ್ನು ಹೊತ್ತಿದ್ದರೆ ಪ್ರತಿ ಬಸಿರಿನಲ್ಲೂ ರೋಗ ಬರುವ ಸಾಧ್ಯತೆ ನಾಲ್ಕರಲ್ಲೊಂದು. ರಕ್ತಸಂಬಂಧದ ಮದುವೆಯಲ್ಲಿ ಹಾಗೆ ಇಬ್ಬರೂ ಹೊತ್ತಿರುವ ಸಂಭವ ಹೆಚ್ಚು. ಆದರೆ ಊರವರು ದೂರಿದ್ದು ಅವಳೊಬ್ಬಳನ್ನೇ. ಸಂಬಂಧ ಬಿಟ್ಟುಹೋಗಬಾರದೆಂದು ಹಟ ಹಿಡಿದವರು ನಾವು, ಅವಳಲ್ಲ.

ಈ ರೋಗವನ್ನು ಪತ್ತೆಹಚ್ಚುವ ಕ್ರೋಮೊಸೋಮ್ ಬ್ರೇಕೇಜ್ ಪರೀಕ್ಷೆಗೆ ಬೇಕಾದದ್ದು ಕೆಲವೇ ಮಿಲಿಲೀಟರ್ ರಕ್ತ. ಅದರ ಕೋಶಗಳಿಗೆ ಡಿಎನ್‌ಎ ಎಳೆಗಳನ್ನು ಅಂಟಿಸುವ ಮೈಟೋಮೈಸಿನ್-ಸಿ ಎಂಬ ಔಷಧಿ ಸೇರಿಸಿ, ಮುರಿದ ಕ್ರೋಮೊಸೋಮುಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತಾರೆ. ಪ್ರತಿ ಜಿಲ್ಲಾಸ್ಪತ್ರೆಯಿಂದಲೂ ಈ ಮಾದರಿಯನ್ನು ಉಚಿತವಾಗಿ ಪ್ರಯೋಗಾಲಯಕ್ಕೆ ಕಳುಹಿಸುವ ವ್ಯವಸ್ಥೆಯನ್ನು ಆರೋಗ್ಯ ಇಲಾಖೆ ಮಾಡಬೇಕು. ಟಾನಿಕ್ಕಿಗೆ ಜಗ್ಗದ ರಕ್ತಹೀನತೆಯ ಮಗು ಎದುರಿಗೆ ಬಂದಾಗ, ವೈದ್ಯರು ದಯವಿಟ್ಟು ಅದರ ಹೆಬ್ಬೆರಳುಗಳನ್ನೂ ಒಮ್ಮೆ ನೋಡಲಿ.

– ಹುಡುಗನ ಸೋದರಮಾವ, ಹಾವೇರಿ