ಹಲ್ಲಿನ ಡಾಕ್ಟರನ್ನು ಇರುವಾಗಲೇ ನೆನೆಯಿರಿ

ಮಾನ್ಯ ಸಂಪಾದಕರೇ,

ಸಣ್ಣ ಊರಲ್ಲೇ ಬದುಕು ಸವೆಸಿ, ಊರ ಕೆಲಸಕ್ಕೂ ನಿಂತ ದಂತವೈದ್ಯರು ನಮಗೆ ನೆನಪಾಗುವುದು ನಿಧನ ವಾರ್ತೆಯಲ್ಲಿ ಮಾತ್ರ. ಇದು ಸರಿಯಲ್ಲ. ಅವರ ಕೆಲಸಕ್ಕೆ ಒಂದೇ ಉದಾಹರಣೆ ನೋಡಿ. ಸುಮಾರು 6ನೇ ವಯಸ್ಸಿಗೆ ಹುಟ್ಟುವ ಮೊದಲ ಶಾಶ್ವತ ದವಡೆ ಹಲ್ಲು, ಯಾವ ಹಾಲುಹಲ್ಲೂ ಬೀಳದೆ ಹಿಂದುಗಡೆ ಬರುವುದರಿಂದ, ಎಷ್ಟೋ ಅಪ್ಪ ಅಮ್ಮಂದಿರು ಅದನ್ನೂ ಹಾಲುಹಲ್ಲೆಂದೇ ತಿಳಿದು, ಹುಳುಕಾದರೂ 'ಬಿದ್ದು ಹೋಗುತ್ತೆ ಬಿಡು' ಅಂತ ಸುಮ್ನಿರುತ್ತಾರೆ. ಶಾಲೆಗೇ ಹೋಗಿ, ಮಗುವಿನ ಬಾಯಿಗೆ ಟಾರ್ಚ್ ಹಿಡಿದು ಅದನ್ನು ತೋರಿಸಿಕೊಡುವ ಡಾಕ್ಟರಿಗೆ ಇದರಿಂದ ಕಾಸೇನೂ ಹುಟ್ಟುವುದಿಲ್ಲ. ಅಜ್ಜ, ಮಗ, ಮೊಮ್ಮಗ ಮೂವರ ಬಾಯಿಯೂ ಗೊತ್ತಿರುವುದು ಅವರಿಗೊಬ್ಬರಿಗೇ ಅಲ್ವಾ? ಸನ್ಮಾನ ಆಮೇಲೆ ಮಾಡಿದರಾಯಿತು. ಇಂಥ ಹಿರಿಯರ ಜೊತೆ ಈಗಲೇ ಒಬ್ಬ ಹೊಸ ದಂತವೈದ್ಯರನ್ನು ಸೇರಿಸಿ, ಶಾಲಾ ತಪಾಸಣೆ ಅರ್ಧಕ್ಕೆ ನಿಲ್ಲದಂತೆ ಸ್ಥಳೀಯ ಆಡಳಿತ ನೋಡಿಕೊಳ್ಳಲಿ.

– ಒಬ್ಬ ಓದುಗ