ಚಿಲಕ ಹಾಕಿಸ್ಕೋ, ನೀರು ಕುಡಿ

ದುಬೈ,
ಮೇ 11

ಅವ್ವಗ ನಮಸ್ಕಾರ.

ನಾ ಆರಾಮ ಅದೀನಿ. ರೊಕ್ಕ ಹೋದ ವಾರ ಹಾಕೀನಿ, ಬಂದಿರಬೇಕು. ಫೋನ್ ಬಿಟ್ಟು ಕಾಗದ ಯಾಕ ಅಂತ ಕೇಳಬ್ಯಾಡ. ಫೋನ್ ಮಾಡಿದ್ರ ಅಪ್ಪ ಸ್ಪೀಕರ್ ಹಾಕಿಸ್ಕೊಂಡು ಬಾಜೂಕ ಕುಂದರ್ತಾನ, ಅವನ ಮುಂದ ಈ ಮಾತು ಆಡಾಕ ನನಗೂ ಬರಂಗಿಲ್ಲ, ರೇಣಿಗೂ ಬರಂಗಿಲ್ಲ.

ನೀ ಬರಿಸಿ ಕಳಿಸಿದ್ದು ಓದಿದೆ. ರೇಣಿಗೆ ಉರಿಮೂತ್ರ, ಮ್ಯಾಲೆ ಚಳಿಜ್ವರ, ಡಾಕ್ಟರು "ನೀರು ಕುಡಿಯೂದಿಲ್ಲೇನವಾ" ಅಂದಿದ್ದು, ಅಪ್ಪ "ನೌಕರಿ ಸಾಕು, ಮನ್ಯಾಗಿರು, ಬರೂ ವರ್ಷ ಲಗ್ನ ಮಾಡೂಣು" ಅಂದಿದ್ದು, ಎಲ್ಲಾ. ಏನೂ ಹೆದರಬ್ಯಾಡ. ಇದು ವಾಸಿ ಆಗೂ ಬ್ಯಾನಿ, ಸಾವಿರ ಮಂದಿ ಹೆಣ್ಣುಮಕ್ಕಳಿಗೆ ಬರ್ತೈತಿ, ಹೋಗ್ತೈತಿ. ಗುಳಿಗಿ ಎಷ್ಟು ದಿನ ಬರದಾರೋ ಅಷ್ಟೂ ದಿನ ನುಂಗಸು. ಎರಡು ದಿನಕ್ಕ ಉರುಪು ಕಡಿಮಿ ಆತು ಅಂತ ಬಿಡಿಸಬ್ಯಾಡ, ಅರ್ಧಕ್ಕ ಬಿಟ್ರ ಸಾಯದ ಉಳದ ಕ್ರಿಮಿ ಮುಂದಿನ ಸಲ ಆ ಗುಳಿಗಿಗೆ ಜಗ್ಗದಿರಬಹುದು. ಬಾಳಿದಿಂಡಿನ ರಸ, ಬಾರ್ಲಿ ನೀರು ಕೊಡು, ಬ್ಯಾಡ ಅನ್ನಂಗಿಲ್ಲ, ಗುಳಿಗಿ ಬಿಟ್ಟು ಅದನ್ನ ಕೊಡಬ್ಯಾಡ. ಮತ್ತ ಚಳಿ ಬಂದ್ರ, ಪಕ್ಕಡಿ ಮ್ಯಾಲೆ ಬೆನ್ನಾಗ ಬ್ಯಾನಿ ಅಂದ್ರ, ವಾಂತಿ ಆದ್ರ, ಮುಂಜಾನಿ ತನಕ ಕಾಯಬ್ಯಾಡ, ಆಗಿಂದಾಗ ದವಾಖಾನಿಗೆ ಹೋಗ್ರಿ. ಅದು ಕಿಡ್ನಿ ತನಕ ಏರಿದ ಗುರುತು ಇರಬಹುದು. ಆದ್ರ ಹಂಗೇನೂ ಆಗಂಗಿಲ್ಲ. ಹೆದರಬ್ಯಾಡ.

ಇನ್ನ ಮುಂದಿಂದು ರೇಣಿ ಕೈಯಾಗ ಕೊಡು.

ರೇಣಿ, ನೀ ಅವ್ವಗ "ಆ ರೈಸ್ ಮಿಲ್ಲಿನ ಆಫೀಸಿನ ಕಮೋಡಿನಿಂದನ ಬಂತು" ಅಂದಿಯಂತ. ಅಲ್ಲ. ಈ ಬ್ಯಾನಿ ತರೂ ಕ್ರಿಮಿ ಬಹಳ ಮಾಡಿ ನಮ್ಮ ಕರುಳಿನ್ಯಾಗಿಂದ ಬರ್ತೈತಿ, ಇ. ಕೋಲಿ ಅಂತ ಅದರ ಹೆಸರು. ಹೆಂಗಸರ ಮೂತ್ರನಾಳ ಇರೂದು ಹೆಚ್ಚುಕಡಿಮಿ 4 ಸೆಂಟಿಮೀಟರ್, ಕ್ರಿಮಿಗೆ ಒಳಗ ಹೋಗಾಕ ದಾರಿ ದೂರಿಲ್ಲ. ಹೋಗಿದ್ದನ್ನ ಹೊರಗ ದೂಡೂದು ಉಚ್ಚಿನ. ನೀ ಮುಂಜಾನಿ ಬಸ್ ಹತ್ತಿದಾಗಿಂದ ಸಂಜಿ ಮನಿ ಮುಟ್ಟೂ ತನಕ ಹತ್ತು ತಾಸು ತಡಕೊಂಡ್ರ, ಅದನ್ನ ತಡಕೊಳ್ಳಾಕ ನೀರೂ ಕುಡೀದಿದ್ರ, ಒಳಗ ಕುಂತ ಕ್ರಿಮಿ ಸುಮ್ನ ಇರ್ತೈತೇನು? ಉಚ್ಚಿ ಚೀಲ ತುಂಬೂದು 300ರಿಂದ 500 ಮಿಲಿಗೆ. ಮೂರ್ನಾಕು ತಾಸಿಗೊಮ್ಮೆ ಹೋಗಲೇಬೇಕು, ಬರಲಿ ಬಿಡಲಿ.

ಇಲ್ಲಿ ಬಿಸಲು ನಮ್ಮ ಗಂಗಾವತಿ ಬಿಸಲಿನ ಅಪ್ಪ. ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ 12:30ರಿಂದ 3ರ ತನಕ ಬಿಸಲಾಗ ಹೊರಗಿನ ಕೆಲಸ ಸರ್ಕಾರನ ಬಂದ್ ಮಾಡಸ್ತೈತಿ. ಸೈಟಿನ ಸಂಡಾಸದಾಗ ಗ್ವಾಡಿಗೆ ಒಂದು ಪಟ್ಟಿ ಹಚ್ಚಿರ್ತಾರ, ನೋಡಿದ್ರ ನಗ್ತಿ: ಉಚ್ಚಿ ಬಣ್ಣ, ತಿಳಿಯಿಂದ ಕಂದು ತನಕ ಒಂದರ ಕೆಳಗ ಒಂದು. ಮ್ಯಾಲಿನ ಎರಡು ಮೂರು, ಅಂದ್ರ ಒಣಹುಲ್ಲಿನ ತಿಳಿ ಬಣ್ಣ, ಅಂದ್ರ ಛಲೋ. ಕೆಳಗ ಕೆಳಗ ಹೋದಂಗ ನೀರು ಸಾಲದು, ಕಡೀಕ ಚಾದ ಬಣ್ಣ, ಅದು ಕೆಟ್ಟದ್ದು. ನೀನೂ ಅದನ್ನ ನೋಡ್ಕೊಂತ ಹೋಗು, ಲೀಟರ್ ಲೆಕ್ಕ ಬ್ಯಾಡ. ಬಿ ಕಾಂಪ್ಲೆಕ್ಸ್ ಗುಳಿಗಿ ನುಂಗಿದ ದಿನ ಹಳದಿ ಬಂದ್ರ ಗಾಬರಿ ಆಗಬ್ಯಾಡ, ಅದು ಗುಳಿಗಿ ಬಣ್ಣ.

ಈಗ ನಿನ್ನ ಖರೇ ತ್ರಾಸಿಗೆ ಬರೂಣು. ಹದಿನಾಕು ಮಂದಿಗೆ ಒಂದ ಸಂಡಾಸ, ಅದರಾಗ ಹೆಂಗಸರು ಮೂರ ಮಂದಿ, ಮ್ಯಾಲೆ ಚಿಲಕ ನಿಲ್ಲಂಗಿಲ್ಲ. ಒಂದು ಕೈ ಬಾಗಿಲಕ್ಕ, ಒಂದು ಕೈ ಚೂಡಿದಾರಕ್ಕ, ಕಮೋಡಿಗೆ ತಾಗದಂಗ ಅರ್ಧ ಕುಂತು ಅರ್ಧ ನಿಂತು. ಹಂಗ ಕುಂತ್ರ ಕೆಳಗಿನ ಸ್ನಾಯು ಸಡ್ಲ ಆಗಂಗಿಲ್ಲ, ಚೀಲ ಪೂರ್ತಿ ಖಾಲಿ ಆಗಂಗಿಲ್ಲ, ಉಳದದ್ದು ಒಳಗ ಉಳೀತೈತಿ. ಹಂಗಾಗಿ ಮೊದಲು ಚಿಲಕ, ಆಮ್ಯಾಲೆ ಉಳದದ್ದು.

ಬಾಗಿಲು ಫೈಬರ್‌ದ ಇರಬೇಕು, ಎಲ್ಲಾ ಕಡೆ ಅದನ್ನ ಹಾಕಿರ್ತಾರ. ಅದು ಒಳಗ ಪೊಳ್ಳು. ಸಣ್ಣ ಸ್ಕ್ರೂ ಹಾಕಿದ್ರ ತಿಂಗಳದಾಗ ತೂತು ದೊಡ್ಡದಾಗಿ ಚಿಲಕ ಜೋತು ಬೀಳ್ತೈತಿ, ಮತ್ತ ಅದ ತೂತಿಗೆ ಸ್ಕ್ರೂ ತಿರುವಿದ್ರ ನಾಕು ದಿನ ಬರ್ತೈತಿ. ಬಡಿಗ್ಯಾಗ ಹೇಳಿ ಸ್ಕ್ರೂ ತಗಿಸಿ ನಟ್ಟು ಬೋಲ್ಟು ಹಾಕಿಸು: ಬಾಗಿಲು ಆರಪಾರ ತೂತು, ಹೊರಗಿನ ಕಡೆ ಒಂದು ಸಣ್ಣ ತಗಡಿನ ಪಟ್ಟಿ, ನಟ್ಟಿನ ಕೆಳಗ ವಾಶರ್. 6 ಇಂಚಿನ ಚಿಲಕ ತಗೋರಿ, 4 ಇಂಚಿಂದು ಚೌಕಟ್ಟಿನ ತೂತಿಗೆ ಪೂರ್ತಿ ಹೋಗದಿದ್ರ ಹೊರಗಿಂದ ದೂಡಿದಾಗ ಜಾರ್ತೈತಿ. ಚೌಕಟ್ಟು ಕಟಗೀದಿದ್ದು ತೂತು ಸಡ್ಲ ಆಗಿದ್ರ ನಾಕು ಬೆಂಕಿಕಡ್ಡಿಗೆ ಫೆವಿಕಾಲ್ ಹಚ್ಚಿ ತುಂಬಿ, ಒಣಗಿದ ಮ್ಯಾಲೆ ಸ್ಕ್ರೂ. ಕೂಡ ಒಂದು ಕೊಂಡಿ, ಭುಜದ ಎತ್ತರಕ್ಕ, ಬ್ಯಾಗು, ಓಡಣಿ ಹಾಕಾಕ. ಇದು ಸಣ್ಣದು ಅನ್ನಿಸ್ತೈತಿ, ಆದ್ರ ಬ್ಯಾಗು ಎಲ್ಲಿಡ್ಲಿ ಅನ್ನೂ ಚಿಂತಿಗೆ ಸಂಡಾಸಕ್ಕ ಹೋಗದವರು ಬಹಳ ಮಂದಿ ಅದಾರ.

ಸಾವಕಾರ್ರ ಹತ್ರ ಒಬ್ಬಾಕಿನ ಹೋಗಬ್ಯಾಡ, ಮೂವರೂ ಹೋಗ್ರಿ. "ಸಂಡಾಸ ಹೊಲಸೈತ್ರಿ" ಅಂದ್ರ ಯಾರೂ ಏನೂ ಮಾಡಂಗಿಲ್ಲ. ಚೀಟಿ ಬರದು ಕೊಡ್ರಿ: ಚಿಲಕ, ಕೊಂಡಿ, ಮುಚ್ಚಳದ ಡಬ್ಬಿ, ಬಕೀಟು, ಸಾಬೂನು. ರೈಸ್ ಮಿಲ್ಲು ಅಂದ್ರ ಕಾರ್ಖಾನಿ. ಕಾರ್ಖಾನಿಗೆ ಹೆಂಗಸರ ಸಂಡಾಸ ಬ್ಯಾರೆ ಇರಬೇಕು ಅಂತ 1948ರ ಕಾರ್ಖಾನಿ ಕಾಯ್ದಿ 19ನೇ ಕಲಮಿನ್ಯಾಗನ ಬರದಿದ್ರು, ನಿನ್ನೆ ಮೊನ್ನಿ ಮಾತಲ್ಲ. ಮೊದಲ ದಿನನ ಕಾಯ್ದಿ ಎತ್ತಬ್ಯಾಡ, ಚೀಟಿ ಕೊಡು. ಜಗ್ಗದಿದ್ರ ಆಮ್ಯಾಲೆ ನೋಡೂಣು.

ನೀರಿನ ಮಾತು. ನಿಮ್ಮ ಬೋರಿನ ನೀರು ಸವಳು, ಟ್ಯಾಂಕಿನ ವಾಶರಿಗೆ ಬಿಳಿ ಉಪ್ಪು ಕಟ್ತೈತಿ. ಅದಕ್ಕ ಫ್ಲಶ್ ಒಂದೋ ಹಗಲೆಲ್ಲ ಸೋರ್ತೈತಿ, ಇಲ್ಲಾ ತುಂಬೂದ ಇಲ್ಲ. ವಾಶರ್ ಬಿಚ್ಚಿ ಒಂದು ರಾತ್ರಿ ನಿಂಬಿಹಣ್ಣಿನ ರಸ ಇಲ್ಲಾ ವಿನೆಗರಿನ್ಯಾಗ ನೆನಸಿ ಹಳೇ ಹಲ್ಲುಜ್ಜೂ ಬ್ರಶ್ಶಿಲೆ ತಿಕ್ಕಿದ್ರ ಬಿಡ್ತೈತಿ. ಫ್ಲಶ್ ಕೆಟ್ಟಿದ್ರ ಮಗ್ಗಿಲೆ ಹತ್ತು ಸಲ ಹಾಕಬ್ಯಾಡ, ನೀರು ಬಗ್ಗಡ ಆಗ್ತೈತಿ ಹೊರತು ಹೋಗಂಗಿಲ್ಲ. ಬಕೀಟಿನ್ಯಾಗ 5-6 ಲೀಟರ್ ತಗೊಂಡು ಒಂದ ಉಸುರಿಗೆ ಸುರುವು. ನೀರು ರಭಸಲೆ ಬಂದಾಗ ಡೊಂಕು ಪೈಪು ತಾನ ಜಗ್ಗೊಂಡು ಹೋಗ್ತೈತಿ. ಆ ಡೊಂಕಿನ್ಯಾಗ ನಿಂತ ನೀರ ಪೈಪಿನಿಂದ ಮ್ಯಾಲೆ ಬರೂ ನಾತಕ್ಕ ಅಡ್ಡಗ್ವಾಡಿ. ನೆಲದ ಜಾಲರಿ ಕೆಳಗೂ ಅಂಥದ್ದ ಒಂದಿರ್ತೈತಿ. ಬ್ಯಾಸಿಗಿದಾಗ ಬಹಳ ದಿನ ರಜಾ ಇದ್ದು ಅದು ಒಣಗಿದ್ರ, ಬಾಗಿಲು ತಗದಾಗ ಮೂಗು ಮುಚ್ಕೋಬೇಕು. ಮಂದಿ ಆಗ ಫಿನಾಯಿಲ್ ಸುರುವ್ತಾರ. ಬ್ಯಾಡ, ಎರಡು ಮಗ್ಗು ನೀರು ಸಾಕು.

ಹಾರ್ಪಿಕ್ ಹಾಕೂ ದಿನ ಬ್ಲೀಚಿಂಗ್ ಪೌಡರ್ ಹಾಕಂಗಿಲ್ಲ, ಎರಡೂ ಕೂಡಿದ್ರ ಕ್ಲೋರಿನ್ ಗಾಳಿ ಏಳ್ತೈತಿ, ಸಣ್ಣ ಖೋಲಿದಾಗ ಉಸುರು ಕಟ್ತೈತಿ. ಇದನ್ನ ಕಸಗುಡಸೂ ಆಯಿಗೆ ತಪ್ಪದ ಹೇಳು. ಅಂಚಿನ ಕೆಳಗ ಸುತ್ತಲೂ ಹಾಕಿ 10 ನಿಮಿಷ ಬಿಡಬೇಕು, ಹಾಕಿದಾಕ್ಷಣ ತಿಕ್ಕಿದ್ರ ರೊಕ್ಕ ದಂಡ. ಇಲ್ಲಿ ಒರಸೂ ಅರಬಿಗೂ ಬಣ್ಣ ಅದಾವ: ಕೆಂಪು ಕಮೋಡಿಗೆ, ಹಳದಿ ಬೇಸಿನ್ನಿಗೆ, ಹಸರು ಅಡಗಿಕೋಣಿಗೆ, ನೀಲಿ ಟೇಬಲ್ ಕುರ್ಚಿಗೆ. ಕೆಂಪು ಅರಬಿ ಬೇಸಿನ್ನಿಗೆ ಮುಟ್ಟಿದ್ರ ಮುಗೀತು. ನಿಮ್ಮಲ್ಲೆ ಕಮೋಡು ಒರಸಿದ ಅರಬೀಲೇನ ನಳ ಒರಸ್ತಿರಬೇಕು, ನೋಡು.

ಪೈಪಿನ ಪಿಚಕಾರಿ ಇದ್ರ ಮೊದಲು ಕಮೋಡಿನ್ಯಾಗ ಒಂದು ಸಲ ಬಿಟ್ಟು ನೋಡು, ಜೋರು ಎಷ್ಟೈತಿ ಅಂತ. ತೊಳ್ಕೊಳ್ಳೂದು ಯಾವಾಗೂ ಮುಂದಿಂದ ಹಿಂದಕ್ಕ, ಹಿಂದಿಂದ ಮುಂದಕ್ಕ ಅಲ್ಲ. ನಿನ್ನ ಬ್ಯಾನಿಗೆ ಇದು ಅರ್ಧ ಔಷಧ. ಆದಮ್ಯಾಲೆ ಗ್ವಾಡಿಯಾಗಿನ ಸಣ್ಣ ನಳ ಬಂದ್ ಮಾಡು. ಬರೇ ಕೈಯಾಗಿನ ಗುಂಡಿ ಬಿಟ್ಟು ಹೋದ್ರ ಪೈಪಿನ್ಯಾಗ ಒತ್ತಡ ಹಂಗ ಇರ್ತೈತಿ, ಎಂದೋ ಒಂದು ರಾತ್ರಿ ಪೈಪು ಒಡದು ಮುಂಜಾನಿ ಆಫೀಸು ಕೆರಿ ಆಗಿರ್ತೈತಿ. ಇಲ್ಲಿ ನೀರು ಸೋರಿದ ಕಂಪ್ಲೇಂಟ್ ಬಂದ್ರ ಮೊದಲು ನೋಡೂದು ಅದನ್ನ. ಸೀಟಿನ ಮ್ಯಾಲೆ ಹನಿ ಬಿದ್ರ ಒರಸಿ ಬಾ. ಬೂಟು ಹಾಕ್ಕೊಂಡು ಸೀಟಿನ ಮ್ಯಾಲೆ ಏರಿ ಕುಂದ್ರೂ ಗಂಡಸರು ಇದ್ರ ಯಾರರ ಹಿರ್ಯಾರ ಕಡಿಂದ ಹೇಳಿಸು. ಪಿಂಗಾಣಿ ಒಡದ್ರ ಕತ್ತಿಗಿಂತ ಹರಿತ ಇರ್ತೈತಿ.

ತಿಂಗಳ ದಿನದಾಗ ಪ್ಯಾಡು ಪೇಪರಿನ್ಯಾಗ ಸುತ್ತಿ ಡಬ್ಬಿಗೆ, ಕಮೋಡಿಗೆ ಎಂದೂ ಅಲ್ಲ. ಅದು ನೀರು ಕುಡದು ಉಬ್ಬೂದಕ್ಕ ಮಾಡಿದ್ದು, ಡೊಂಕಿನ್ಯಾಗ ಉಬ್ಬಿ ಕುಂತ್ರ 4 ಇಂಚಿನ ಪೈಪೂ ಕಟ್ತೈತಿ. ಕಾಲಿಲೆ ಒತ್ತೂ ಮುಚ್ಚಳದ ಡಬ್ಬಿ ಕೇಳಿದ್ದು ಅದಕ್ಕ. ನಾಕರಿಂದ ಆರು ತಾಸಿಗೆ ಪ್ಯಾಡು ಬದಲು ಮಾಡು, ತಡಕೊಂಡು ಮನೀ ತನಕ ಒಯ್ಯಬ್ಯಾಡ.

ಇಲ್ಲಿನ ಮಂದಿ ರೀತಿ ಕೇಳು. ಬಿಳಿಯರಿಗೆ ಕಾಗದ ಬೇಕು, ಅರಬರಿಗೆ ಪಿಚಕಾರಿ ಬೇಕು, ಫಿಲಿಪೀನ್ಸಿನವರು ಹಿಡಕಿ ಇದ್ದ ಒಂದು ಮಗ್ಗು ತಂದಿಟ್ಕೊಂತಾರ, ತಾಬೋ ಅಂತಾರ ಅದಕ್ಕ. ನೋಡಿದ್ರ ನಮ್ಮ ಮಗ್ಗ! ನಾವು ತಂಬಿಗಿ ಅಂದ್ರ ನಕ್ಕವರು ಅದನ್ನ ಏನಂತಾರೋ. ನಮಾಜಿಗೆ ಕಾಲು ತೊಳಿಯಾಕ ಬ್ಯಾರೆ ಕಟ್ಟಿ ಇರ್ತೈತಿ, ಇಲ್ಲದ ಕಡೆ ಬೇಸಿನ್ನಿನ್ಯಾಗ ಕಾಲೆತ್ತಿ ತೊಳೀತಾರ, ನೆಲ ಹಸಿ, ಕಾಗದದ ಮಂದಿಗೆ ಸಿಟ್ಟು. ಸಂಡಾಸದಾಗ ಸಲಾಂ ಹೇಳಂಗಿಲ್ಲ, ಹೇಳಿದ್ರೂ ತಿರುಗಿ ಹೇಳಂಗಿಲ್ಲ, ಒಳಗ ಹೋಗೂವಾಗ ಎಡಗಾಲು ಮುಂದ. ಇದು ನನಗ ಬಹಳ ಸೇರ್ತು. ನಿಮ್ಮಲ್ಲೆ ಬಾಗಿಲ ಹೊರಗ ನಿಂತು "ರೇಣುಕಾ ಮೇಡಂ, ಆ ಬಿಲ್ಲು ಎಲ್ಲಿಟ್ರಿ" ಅಂತ ಕೇಳ್ತಾರಂತಲ್ಲ, ಉತ್ತರ ಕೊಡಬ್ಯಾಡ. ಬಾಗಿಲಿಗೆ ಒಂದು ಸಲ ಬಡೀಬೇಕು, ಒಳಗಿನವರು ಒಂದು ಸಲ ಬಡದ್ರ ಆತು, ಮಾತು ಬ್ಯಾಡ. ಫೋನ್ ಹೊರಗ. ಯಾರು ಎಷ್ಟು ಸಲ ಹೋದ್ರು ಅಂತ ಎಣಸೂದು ನೌಕರಿ ಅಲ್ಲ, ಆ ಕ್ಯಾಶಿಯರ್‌ಗ ಹೇಳು. ಇಲ್ಲಾ ಬಿಡು, ಸುಮ್ನ ಹೋಗಿ ಬಾ.

ಪರದೇಶಕ್ಕ ಹೋಗಿ ಸಂಡಾಸ ನೋಡ್ಕೊಂತಾಳ ಅಂತ ಓಣ್ಯಾಗ ಆಡ್ಕೊಂಡ್ರ ಆಡ್ಕೊಳ್ಳಿ. ನಾ ಸೂಪರ್‌ವೈಸರ್. ಬಾಗಿಲ ಹಿಂದ ತಾಸು ತಾಸಿಗೆ ಯಾರು ತೊಳದ್ರು ಅಂತ ಸಹಿ ಪಟ್ಟಿ ಇರ್ತೈತಿ, ಕೆಳಗ ನನ್ನ ಸಹಿ. ತೊಳದ್ರೂ ತಪ್ಪೇನೈತಿ?

ಅವ್ವಾ, ಅಪ್ಪಗ ಬರೇ ಜ್ವರ ಅಂತ ಹೇಳು. ನೌಕರಿ ಬಿಡಸೂ ಮಾತು ನಾ ಬರೂ ತನಕ ಬ್ಯಾಡ. ರೇಣಿಗೆ ಏನೂ ಆಗಿಲ್ಲ, ಏನೂ ಆಗಂಗಿಲ್ಲ, ನೀ ಅಳಬ್ಯಾಡ. ಗುಳಿಗಿ ಮುಗದ ಮ್ಯಾಲೂ ಉರುಪು ಇದ್ರ ಉಚ್ಚಿ ಕಲ್ಚರ್ ಮಾಡಸ್ರಿ, ಯಾವ ಕ್ರಿಮಿ, ಯಾವ ಗುಳಿಗಿಗೆ ಜಗ್ತೈತಿ ಅಂತ ಅದರಾಗ ಗೊತ್ತಾಗ್ತೈತಿ. ರಿಪೋರ್ಟಿನ ಫೋಟೋ ನನಗ ಹಾಕು, ಅಪ್ಪನ ಫೋನಿನಿಂದ ಅಲ್ಲ.

ಡ್ಯೂಟಿ ಬಸ್ ಬಂತು. ಉಳದದ್ದು ಮತ್ತ ಬರೀತೀನಿ.

ನಿನ್ನ ಮಗಳು,
ಮಂಜಿ

ಚಿಲಕಕ್ಕ ಸಾವಕಾರ್ರು ರೊಕ್ಕ ಕೊಡದಿದ್ರ ನಾ ಕಳಿಸಿದ್ದರಾಗ ತಗೋರಿ. 6 ಇಂಚಿಂದ ತರ್ರಿ.