ಶನಿವಾರ ಆರ್ಗನ್ ನುಡಿಸುವವರ ಕೂಟ

ಎಲ್ಲರಿಗೂ ನಮಸ್ಕಾರ. ಈ ಶನಿವಾರ ಸಂಜೆ 4ಕ್ಕೆ ಸೇರೋಣ. ಪೆಡಲ್ (ಕಾಲಿನಿಂದ ನುಡಿಸುವ ಕೀಲಿಗಳ ಸಾಲು) ಇನ್ನೂ ಕಾಲಿಗೆ ಒಗ್ಗದ ಹೊಸಬರೂ ಬನ್ನಿ.

ನಮ್ಮದು ಒಂಟಿ ಅಭ್ಯಾಸ, ಅಲ್ವಾ? ವಾದ್ಯದ ಮುಂದೆ ಕೂತವರಿಗೆ ಹಿಂದಿನ ಸಾಲಿಗೆ ಹೇಗೆ ಕೇಳುತ್ತದೆ ಅಂತ ಗೊತ್ತಾಗುವುದೇ ಇಲ್ಲ. ಹೋದ ಸಲ ನಾನು ಪೆಡಲ್‌ಗೆ 16 ಅಡಿಯ ಸ್ಟಾಪ್ (ಒಂದು ಬಗೆಯ ನಾದ ತೆರೆಯುವ ಗುಂಡಿ; 16 ಅಡಿಯದ್ದು 8 ಅಡಿಯದ್ದಕ್ಕಿಂತ ಒಂದು ಸ್ಥಾಯಿ ಕೆಳಗೆ ಕೇಳುತ್ತದೆ) ಒಂದನ್ನೇ ಎಳೆದು ಖುಷಿಯಾಗಿ ನುಡಿಸುತ್ತಿದ್ದೆ. ಹಿಂದಿನಿಂದ ಯಾರೋ, "ಬರೀ ಗುಂಯ್ ಅಂತಿದೆ, 8 ಅಡಿಯದ್ದೂ ಸೇರಿಸಿ" ಅಂದರು. ಸೇರಿಸಿದ್ದೇ ತಡ, ಕೆಳಗಿನ ಸ್ವರಗಳು ಬಿಡಿಬಿಡಿಯಾಗಿ ಕೇಳಿದವು.

ಒಬ್ಬೊಬ್ಬರಿಗೆ 10 ನಿಮಿಷ. ಒಬ್ಬರು ಪುಟ ತಿರುಗಿಸಲಿ, ಮಿಕ್ಕವರು ಹಿಂದೆ ಕೂತು ಕೇಳಲಿ. ಪೆಡಲ್‌ಗೆ ಬೇರೆ ಶೂ ತನ್ನಿ; ಮಣ್ಣು ಮೆತ್ತಿದ್ದು ಬೇಡವೇ ಬೇಡ.

ಬರುವವರು ಏನು ನುಡಿಸುತ್ತೀರಿ ಅಂತ ಗುರುವಾರದೊಳಗೆ ಇಲ್ಲೇ ತಿಳಿಸಿ. ಸುಮ್ನೆ ಕೇಳಲು ಬಂದರೂ ಸರಿ.